ಫ್ಯೂಜ್ ಸರಿ ಐತಿ, ಫ್ಯಾನ್ ಮಾತ್ರ ತಿರಗವಲ್ದು: ಬಾನೆಟ್ ಒಳಗಿನ ಕರೇ ಡಬ್ಬಿ ತಿಳದಾವ್ರು ಹೇಳ್ರಿ

ಗಿಣಿಗೇರಾ ಗಾಡಿ, ಕೊಪ್ಪಳ · ಸೋಮವಾರ ಬೆಳಿಗ್ಗೆ 9:10

ಎಲ್ಲಾರಿಗೂ ನಮಸ್ಕಾರ್ರಿ. ನಂದು ಹನ್ನೊಂದು ವರ್ಷದ ಹಳೇ ಪೆಟ್ರೋಲ್ ಕಾರು. ನಿನ್ನೆ ಹೊಸಪೇಟಿಯಿಂದ ವಾಪಸ್ ಬರೂ ಮುಂದ ಒಂದು ತ್ರಾಸ ಆತು. ಹೆದ್ದಾರಿ ಮ್ಯಾಲ 80ರಾಗ ಬರೂತನಕ ಟೆಂಪರೇಚರ್ ಮುಳ್ಳು ನಡುವ ನಿಂತಿತ್ತು. ಊರ ಹತ್ರ ರೈಲ್ವೆ ಗೇಟ್ ಬಿದ್ದಿತ್ತು. ಇಂಜಿನ್ ಚಾಲೂ ಇಟ್ಟು ಎ.ಸಿ. ಹಾಕ್ಕೊಂಡು ಕುಂತ್ವಿ. ಹತ್ತು ನಿಮಿಷದಾಗ ಎ.ಸಿ. ಗಾಳಿ ಬಿಸಿ ಆತು, ಮುಳ್ಳು ಏರಿ ಕೆಂಪು ಗೆರಿ ಮುಟ್ಟಾಕ ಬಂತು. ಗಾಬ್ರಿಯಾಗಿ ಬಂದ್ ಮಾಡಿದೆ. ಬಾನೆಟ್ ಎತ್ತಿ ನೋಡಿದ್ರ ರೇಡಿಯೇಟರ್ ಫ್ಯಾನ್ ಸುಮ್ನ ನಿಂತೈತಿ.

ನಮ್ಮಪ್ಪ "ಫ್ಯೂಜ್ ಹೋಗಿರ್ತೈತಿ, ಅದೇನ್ ದೊಡ್ಡ ಮಾತು" ಅಂದ್ರು. ಬ್ಯಾಟ್ರಿ ಬಾಜೂಕ ಕರೇ ಡಬ್ಬಿ ಐತಲ್ರಿ, ಅದರ ಮುಚ್ಚಳ ತಗದ್ರ ಒಳಗ ಬಣ್ಣಬಣ್ಣದ ಪೆಪ್ಪರ್‌ಮಿಂಟ್ ಜೋಡಿಸಿಟ್ಟಂಗ ಐತಿ. ಫ್ಯಾನಿನ ಫ್ಯೂಜ್ ಹುಡುಕಿ ನೋಡಿದೆ, ಒಳಗಿನ ಪಟ್ಟಿ ಕಡದಿಲ್ಲ. ಹಸರು ಬಣ್ಣದ್ದು. ಹಸರು ಅಂದ್ರ 30 ಆಂಪಿಯರ್ ಅಂತ ಹಿಂದ ಎಲ್ಲೋ ಓದಿದ್ದೆ, ಮುಚ್ಚಳದ ಒಳಗೂ ಫ್ಯಾನಿಗೆ 30 ಅಂತನ ಬರದೈತಿ. ಅಂದಮ್ಯಾಲ ಫ್ಯೂಜ್ ಸರಿ ಐತಿ. ಆದ್ರೂ ಫ್ಯಾನ್ ತಿರಗವಲ್ದು. ಬಾಜೂಕ ಚೌಕಾಕಾರದ ಕರೇ ತುಂಡುಗಳು ಅದಾವು, ಅವು ರಿಲೇ ಅಂತ. ಅವು ಏನ್ ಮಾಡ್ತಾವು ಅಂತ ನನಗ ಒಂದಕ್ಷರ ಗೊತ್ತಿಲ್ರಿ. ಬುಧವಾರ ರಾಯಚೂರಿಗೆ ಹೋಗೂದೈತಿ, ಬಿಸಲು ನೋಡಿದ್ರ 42 ಐತಿ. ಏನ್ ಮಾಡ್ಲಿ?

ಸಿಂಧನೂರು ಸೆಲ್ಫ್, ಸಿಂಧನೂರು · ಸೋಮವಾರ ಬೆಳಿಗ್ಗೆ 9:34

ಅಣ್ಣಾ ತಲಿ ಕೆಡಿಸ್ಕೋಬ್ಯಾಡ. ಬ್ಯಾಟ್ರಿಯಿಂದ ಫ್ಯಾನಿಗೆ ಡೈರೆಕ್ಟ್ ಎರಡು ವಾಯರ್ ಎಳದು ಒಳಗ ಒಂದು ಸ್ವಿಚ್ ಇಡಸು, ಮುಗೀತು. ಫ್ಯೂಜ್ ಹೋಗಿದ್ರೂ ಅಂಜಬ್ಯಾಡ, ಸಿಗರೇಟ್ ಪ್ಯಾಕಿನ ಬೆಳ್ಳಿ ಹಾಳಿ ಸುತ್ತಿ ಹಾಕು. ನಮ್ಮ ಟ್ರ್ಯಾಕ್ಟರಿನ್ಯಾಗ ಎರಡು ವರ್ಷದಿಂದ ಹಂಗ ಐತಿ.

ವಾಯರಿಂಗ್ ಮೇಸ್ತ್ರಿ, ಬಳ್ಳಾರಿ · ಸೋಮವಾರ ಬೆಳಿಗ್ಗೆ 10:20

ಬೆಳ್ಳಿ ಹಾಳೆ ಸುತ್ತಿದ ಗಾಡಿಗಳೇ ನನ್ನ ಅಂಗಡಿಗೆ ಅನ್ನ ಹಾಕೋದು, ಸುತ್ಕೋ ತಮ್ಮಾ, ನಂಗೇನು. ಆದ್ರೆ ಇನ್ನೊಬ್ಬರಿಗೆ ಹೇಳಬೇಡ. ಟ್ರ್ಯಾಕ್ಟರಿಗೆ ಸುತ್ತಲೂ ಗಾಳಿ ಆಡುತ್ತೆ, ವಾಯರೂ ಕಮ್ಮಿ. ಕಾರಲ್ಲಿ ಡ್ಯಾಶ್‌ಬೋರ್ಡ್ ಹಿಂದೆ ವಾಯರ್ ಕಟ್ಟು ತೋಳಿನಷ್ಟು ದಪ್ಪ ಇರುತ್ತೆ. ಒಂದು ವಾಯರ್ ಕಾದ್ರೆ ಪಕ್ಕದ ನಲವತ್ತು ವಾಯರಿನ ಪ್ಲಾಸ್ಟಿಕ್ ಕರಗುತ್ತೆ.

ಕೊಪ್ಪಳದಣ್ಣ, ನೀವು ಹೇಳಿದ್ದು ಕೇಳಿದ್ರೆ ಫ್ಯಾನ್ ಲೈನೇ ಅನಿಸುತ್ತೆ. ಓಡುವಾಗ ಎದುರುಗಾಳಿ ರೇಡಿಯೇಟರ್ ತಂಪು ಮಾಡುತ್ತೆ, ನಿಂತಾಗ ಫ್ಯಾನ್ ಬೇಕು. ಓಡುವಾಗಲೂ ಕಾದಿದ್ರೆ ನೀರು, ಥರ್ಮೋಸ್ಟಾಟ್, ವಾಟರ್ ಪಂಪ್ ಅಂತ ಬೇರೆ ಕಡೆ ನೋಡಬೇಕಿತ್ತು. ಮೊದಲು ಇಂಜಿನ್ ಪೂರ್ತಿ ಆರಲಿ, ಆಮೇಲೆ ಕೂಲಂಟ್, ಅಂದ್ರೆ ರೇಡಿಯೇಟರಲ್ಲಿ ಓಡಾಡಿ ಇಂಜಿನ್ ತಂಪು ಮಾಡೋ ದ್ರವ, ಎಷ್ಟಿದೆ ನೋಡಿ. ಬಿಸಿ ಇದ್ದಾಗ ರೇಡಿಯೇಟರ್ ಮುಚ್ಚಳಕ್ಕೆ ಕೈ ಹಾಕಬೇಡಿ.

ಈಗ ಕೆಲಸ. ಒಂದು ಟೆಸ್ಟ್ ಲ್ಯಾಂಪ್ ತಗೊಳ್ಳಿ, ಅದೇ ಸ್ಕ್ರೂಡ್ರೈವರ್ ಥರ ಇದ್ದು ಹಿಡಿಯಲ್ಲಿ ಬಲ್ಬು, ಹಿಂದೆ ಕ್ಲಿಪ್ಪಿನ ವಾಯರ್ ಇರುತ್ತಲ್ಲ, ಅದು. ಕ್ಲಿಪ್ ಅನ್ನು ಬ್ಯಾಟರಿ ನೆಗೆಟಿವ್‌ಗೆ ಹಾಕಿ. ಕೀ ಆನ್ ಮಾಡಿ ಫ್ಯೂಜ್ ತಲೆ ಮೇಲೆ ಎರಡು ಕಡೆ ಲೋಹ ಕಾಣೋ ಜಾಗಕ್ಕೆ ಮೊನೆ ಮುಟ್ಟಿಸಿ. ಎರಡೂ ಕಡೆ ಬೆಳಗಿದ್ರೆ ಫ್ಯೂಜ್ ಸರಿ. ಒಂದೇ ಕಡೆ ಬೆಳಗಿದ್ರೆ ಹೋಗಿದೆ. ಎರಡೂ ಕಡೆ ಇಲ್ಲ ಅಂದ್ರೆ ಅಲ್ಲಿಗೆ ಕರೆಂಟೇ ಬರ್ತಿಲ್ಲ. ಕಣ್ಣಲ್ಲಿ ನೋಡಿ ಸರಿ ಐತೆ ಅನ್ನಬೇಡಿ, ಕೂದಲೆಳೆ ಬಿರುಕು ಕಾಣಲ್ಲ.

ಆಮೇಲೆ ಮನೆಯವರನ್ನ ಒಳಗೆ ಕೂರಿಸಿ, ಇಂಜಿನ್ ಚಾಲೂ ಮಾಡಿ ಎ.ಸಿ. ಹಾಕಿಸಿ. ಫ್ಯಾನ್ ರಿಲೇ ಮೇಲೆ ಬೆರಳಿಟ್ಟುಕೊಳ್ಳಿ. ಟಿಕ್ ಅಂತ ಬೆರಳಿಗೆ ಗೊತ್ತಾಗುತ್ತಾ ಹೇಳಿ. ಕೈ, ಟವೆಲ್ಲು, ಪಂಚೆ ತುದಿ ಯಾವುದೂ ಫ್ಯಾನ್ ಹತ್ರ ಹೋಗದಿರಲಿ. ಎಷ್ಟೋ ಗಾಡಿಲಿ ಕೀ ತೆಗೆದ ಮೇಲೂ ತಾನೇ ತಿರುಗುತ್ತೆ.

ಮಿರ್ಚಿ ಮಂಡಕ್ಕಿ, ಬಳ್ಳಾರಿ · ಸೋಮವಾರ ಮಧ್ಯಾಹ್ನ 1:05

ನಡುವೆ ಬಾಯಿ ಹಾಕ್ತೀನಿ, ಬೇಜಾರಾಗಬೇಡಿ. ನಾನು ಶಾಲೆಯಲ್ಲಿ ವಿಜ್ಞಾನ ಹೇಳಿಕೊಡೋಳು, ಫ್ಯೂಸು ಗೊತ್ತು. ರಿಲೇ ಮಾತ್ರ ಪಾಠದಲ್ಲಿ ಒಂದು ಚಿತ್ರ, ಅಷ್ಟೇ. ಕಾರಿನಲ್ಲಿ ಸ್ವಿಚ್ ಒತ್ತಿದರೆ ಫ್ಯಾನ್ ತಿರುಗಬೇಕು, ನಡುವೆ ಈ ದಲ್ಲಾಳಿ ಯಾಕೆ?

ಶಕ್ತಿನಗರ ನಿವೃತ್ತ, ರಾಯಚೂರು · ಸೋಮವಾರ ಮಧ್ಯಾಹ್ನ 3:40

ದಲ್ಲಾಳಿ ಅಂದದ್ದು ಸರಿಯಾಗಿದೆ ಮೇಡಂ, ಆದರೆ ಇವನು ಕಮಿಷನ್ ತಿನ್ನದ ದಲ್ಲಾಳಿ. ಮೂವತ್ತು ವರ್ಷ ವಿದ್ಯುತ್ ಕೆಲಸದಲ್ಲಿ ದೊಡ್ಡ ದೊಡ್ಡ ರಿಲೇಗಳ ಜೊತೆ ಕಳೆದಿದ್ದೇನೆ. ಕಾರಿನದು ಅವುಗಳ ಮೊಮ್ಮಗು.

ತುಂಗಭದ್ರಾ ಎಡದಂಡೆ ಕಾಲುವೆಯ ಗೇಟು ನೋಡಿದ್ದೀರಲ್ಲ. ನೀರಗಂಟಿ ಒಬ್ಬನೇ ನಿಂತು ಹಿಡಿ ತಿರುಗಿಸುತ್ತಾನೆ, ಗೇಟು ಏಳುತ್ತದೆ, ಹಳ್ಳಿಗಟ್ಟಲೆ ಗದ್ದೆಗೆ ನೀರು ಹೋಗುತ್ತದೆ. ಅಷ್ಟು ನೀರಿನ ಭಾರ ಅವನ ತೋಳಿನ ಮೇಲೆ ಬೀಳುವುದಿಲ್ಲ. ರಿಲೇಯಲ್ಲೂ ಎರಡು ಬೇರೆ ಬೇರೆ ದಾರಿಗಳಿವೆ. ಒಂದು ಹಿಡಿಯ ದಾರಿ, ಇನ್ನೊಂದು ನೀರಿನ ದಾರಿ.

ರಿಲೇ ಕಿತ್ತು ತಿರುಗಿಸಿ ನೋಡಿದರೆ ಕಾಲುಗಳ ಪಕ್ಕ ಸಣ್ಣ ಅಂಕಿಗಳು ಕಾಣುತ್ತವೆ: 85, 86, 30, 87. ಜರ್ಮನಿಯ ಡಿನ್ 72552 ಎಂಬ ಮಾನಕದ ಅಂಕಿಗಳಿವು. ಯಾವ ದೇಶದ ಕಾರಾದರೂ ಹೆಚ್ಚಾಗಿ ಇವೇ ಇರುತ್ತವೆ, ಕೆಲವು ಗಾಡಿಗಳಲ್ಲಿ 1, 2, 3, 5 ಅಂತಲೂ ಬರೆದಿರುತ್ತಾರೆ. 85 ಮತ್ತು 86ರ ನಡುವೆ ಕೂದಲಿನಂಥ ತಾಮ್ರದ ತಂತಿ ಸುತ್ತಿದ ಸುರುಳಿ ಇದೆ. ಅದರ ರೋಧ ಸುಮಾರು 80 ಓಮ್ ಅಂತ ಇಟ್ಟುಕೊಳ್ಳಿ. 12 ವೋಲ್ಟ್ ಕೊಟ್ಟರೆ ಹರಿಯುವುದು 0.15 ಆಂಪಿಯರ್. ಅಷ್ಟಕ್ಕೇ ಸುರುಳಿ ಅಯಸ್ಕಾಂತವಾಗಿ ಮೇಲಿನ ಕಬ್ಬಿಣದ ನಾಲಗೆಯನ್ನು ಎಳೆಯುತ್ತದೆ. ಮೇಸ್ತ್ರಿಗಳು ಹೇಳಿದ ಟಿಕ್ ಅದೇ. ನಾಲಗೆ ಬಂದು ಕೂತರೆ 30 ಮತ್ತು 87 ಸೇರುತ್ತವೆ. 30 ಅಂದರೆ ಬ್ಯಾಟರಿಯಿಂದ ಫ್ಯೂಸಿನ ಮೂಲಕ ಸದಾ ಬರುವ ಕರೆಂಟು, 87 ಅಂದರೆ ಫ್ಯಾನಿಗೆ ಹೋಗುವ ದಾರಿ. ಐದನೇ ಕಾಲು ಇದ್ದರೆ ಅದು 87ಎ. ರಿಲೇ ಸುಮ್ಮನಿದ್ದಾಗ 30ಕ್ಕೆ ಅಂಟಿಕೊಂಡಿರುವುದು ಅದು.

ಈಗ ನಿಮ್ಮ ಪ್ರಶ್ನೆ. ಈ ದಲ್ಲಾಳಿ ಇಲ್ಲದಿದ್ದರೆ ಫ್ಯಾನಿನ ಅಷ್ಟೂ ಕರೆಂಟು ಡ್ಯಾಶ್‌ಬೋರ್ಡಿನ ಸಣ್ಣ ಸ್ವಿಚ್ಚಿಗೋ ಇಂಜಿನ್ ಕಂಪ್ಯೂಟರಿಗೋ ಬಂದು ಹೋಗಬೇಕಿತ್ತು. ದಪ್ಪ ತಂತಿ ಒಳಗಿನವರೆಗೆ ಎಳೆದು ತರಬೇಕಿತ್ತು, ಸ್ವಿಚ್ಚು ವರ್ಷ ತುಂಬುವುದರೊಳಗೆ ಸುಡುತ್ತಿತ್ತು. ಈಗ ಕಂಪ್ಯೂಟರಿನ ಮೇಲೆ ಬೀಳುವುದು 0.15 ಆಂಪಿಯರ್ ಮಾತ್ರ.

ಇದೇ ಉಪಮೆಯಲ್ಲಿ ಇನ್ನೊಂದು ಮಾತು. 2024ರ ಆಗಸ್ಟಿನಲ್ಲಿ ತುಂಗಭದ್ರಾ ಅಣೆಕಟ್ಟೆಯ 33 ಗೇಟುಗಳಲ್ಲಿ 19ನೆಯದರ ಚೈನ್ ಕಡಿದು ಗೇಟೇ ಕೊಚ್ಚಿ ಹೋಯಿತಲ್ಲ, ಹಿಡಿ ಕೈಯಲ್ಲಿದ್ದರೂ ನೀರು ನಿಲ್ಲಲಿಲ್ಲ. ರಿಲೇ ಸಂಪರ್ಕಗಳು ಕಿಡಿಗೆ ಬೆಸೆದುಕೊಂಡಾಗಲೂ ಹಾಗೇ ಆಗುತ್ತದೆ. ಕೀ ತೆಗೆದರೂ ಫ್ಯಾನ್ ರಾತ್ರಿಯಿಡೀ ತಿರುಗಿ ಬೆಳಿಗ್ಗೆ ಬ್ಯಾಟರಿ ಸತ್ತಿರುತ್ತದೆ.

ಭತ್ತದ ಕಣಜ, ಗಂಗಾವತಿ · ಸೋಮವಾರ ಸಂಜಿ 5:15

ಅಜ್ಜಾರ, ಗೇಟಿನ ಮಾತು ನೆನಪು ಮಾಡಬ್ಯಾಡ್ರಿ, ಆ ವಾರ ನಾವು ನಿದ್ದಿ ಮಾಡಿಲ್ಲ. ಆದ್ರ ರಿಲೇ ತಿಳೀತು. ಇಷ್ಟು ದಿನ ಹಾರ್ನ್ ಹೊಡದ್ರ ಬಾನೆಟ್ ಒಳಗ ಟಿಕ್ ಅಂತಿತ್ತು, ಹಾರ್ನ್ ಬರ್ತಿರಲಿಲ್ಲ. ನಾನು ಹಾರ್ನ್ ಎರಡು ಸಲ ಬದಲಿ ಮಾಡಿಸೀನಿ!

ವಾಯರಿಂಗ್ ಮೇಸ್ತ್ರಿ, ಬಳ್ಳಾರಿ · ಸೋಮವಾರ ಸಂಜೆ 5:32

ಟಿಕ್ ಬಂದು ಹಾರ್ನ್ ಬರದಿದ್ರೆ ಹಿಡಿ ಕಡೆ ಎಲ್ಲಾ ಸರಿ ಅಂತ ಅರ್ಥ. ಸ್ವಿಚ್ಚು, ಸ್ಟೀರಿಂಗ್ ಒಳಗಿನ ರಿಬ್ಬನ್, ಸುರುಳಿ, ಯಾವುದನ್ನೂ ಬಿಚ್ಚೋ ಹಾಗಿಲ್ಲ. ಫ್ಯೂಜ್, ಸಂಪರ್ಕ, ಅಲ್ಲಿಂದ ಮುಂದಿನ ವಾಯರ್, ಅರ್ಥಿಂಗ್, ಇಷ್ಟೇ ನೋಡೋದು. ಟಿಕ್ಕೇ ಬರದಿದ್ರೆ ಹುಡುಕಾಟ ಆ ಕಡೆ. ಒಂದು ಸದ್ದಿನಿಂದ ಅರ್ಧ ಗಾಡಿ ಬಿಚ್ಚೋದು ತಪ್ಪುತ್ತೆ.

ಗಿಣಿಗೇರಾ ಗಾಡಿ, ಕೊಪ್ಪಳ · ಸೋಮವಾರ ರಾತ್ರಿ 8:50

ಮೇಸ್ತ್ರಿಗಳ, ನೀವು ಹೇಳಿದಂಗ ಮಾಡೀನ್ರಿ. ಕೂಲಂಟ್ ತುಂಬೈತಿ. ಟೆಸ್ಟ್ ಲ್ಯಾಂಪ್ ಫ್ಯೂಜಿನ ಎರಡೂ ಕಡಿ ಬೆಳಗ್ತು. ಎ.ಸಿ. ಹಾಕಿಸಿದ ಕೂಡ್ಲೆ ಬೆರಳಿಗೆ ಟಿಕ್ ಅಂತು, ಫ್ಯಾನ್ ಅಳ್ಳಾಡಲಿಲ್ಲ. ಹಾರ್ನಿನ ರಿಲೇ ಸೇಮ್ ಸೈಜ್ ಇತ್ತು, ಮ್ಯಾಲಿನ ನಂಬರೂ ಒಂದ. ಅದನ್ನ ಕಿತ್ತು ಫ್ಯಾನಿನ ಜಾಗಾದಾಗ ಕೂಡ್ರಿಸಿದೆ. ಒಂದು ಸಲ ಫ್ಯಾನ್ ಅರ್ಧ ಸುತ್ತು ತಿರುಗಿದಂಗ ಮಾಡಿ ನಿಂತ್ಬಿಡ್ತು! ಫ್ಯಾನಿನ ರಿಲೇನ ಹಾರ್ನಿನ ಜಾಗಕ್ಕ ಹಾಕಿದ್ರ ಹಾರ್ನ್ ಬರವಲ್ದು. ಅಂದ್ರ ರಿಲೇ ಹೋಗೈತಿ, ಹೌದಲ್ರಿ? ಹೊಸಾ ರಿಲೇ ತಂದು ಹಾಕಿದ್ರ ಬುಧವಾರ ರಾಯಚೂರಿಗೆ ಹೋಗಬಹುದಲ್ರಿ?

ವಾಯರಿಂಗ್ ಮೇಸ್ತ್ರಿ, ಬಳ್ಳಾರಿ · ಸೋಮವಾರ ರಾತ್ರಿ 9:30

ರಿಲೇ ಹೋಗಿರೋದು ನಿಜ. ಆದ್ರೆ ಒಳ್ಳೇ ರಿಲೇ ಹಾಕಿದ್ರೂ ಅರ್ಧ ಸುತ್ತಿಗೇ ನಿಂತ್ರೆ ಇನ್ನೂ ಏನೋ ಐತೆ. ರಿಲೇ ಸುಮ್ಮನೆ ಸಾಯಲ್ಲ.

ರಿಲೇ ಕಿತ್ತ ಜಾಗದಲ್ಲಿ 30 ಮತ್ತು 87ರ ತೂತು ಯಾವುದು ಅಂತ ಕಾಲಿನ ಅಂಕಿ ನೋಡಿ ಹೊಂದಿಸಿಕೊಳ್ಳಿ. ದಪ್ಪ ವಾಯರಿನ ತುಂಡು, ನಡುವೆ 20ರದೋ 30ರದೋ ಫ್ಯೂಜ್ ಇರಲೇಬೇಕು, ಅದರಿಂದ ಎರಡನ್ನೂ ಎರಡು ಸೆಕೆಂಡ್ ಸೇರಿಸಿ ನೋಡಿ. ಫ್ಯಾನ್ ಹೇಗೆ ತಿರುಗುತ್ತೆ, ಸದ್ದು ಹೇಗಿದೆ ಹೇಳಿ. ಅಪ್ಪಿತಪ್ಪಿಯೂ 85, 86ರ ತೂತಿಗೆ ಆ ವಾಯರ್ ಹಾಕಬೇಡಿ. ಅದರ ಒಂದು ತುದಿ ಸೀದಾ ಕಂಪ್ಯೂಟರಿಗೆ ಹೋಗಿರುತ್ತೆ, ನೂರಾರು ರೂಪಾಯಿ ರಿಲೇ ಬದಲು ಹತ್ತಾರು ಸಾವಿರದ ಡಬ್ಬಿ ಸುಟ್ಟುಕೊಳ್ತೀರಿ. ಧೈರ್ಯ ಇಲ್ಲದಿದ್ರೆ ಬಿಡಿ, ಅಲ್ಲೇ ಯಾರಾದರೂ ವಾಯರಿಂಗ್‌ನವರಿಗೆ ತೋರಿಸಿ. ಇನ್ನೊಂದು, ಆ ರಿಲೇ ಕಾಲುಗಳ ಬಣ್ಣ, ತೂತುಗಳ ಸುತ್ತ ಪ್ಲಾಸ್ಟಿಕ್ ಬಣ್ಣ ನೋಡಿ.

ಕೆಂಪು ಧೂಳು, ಸಂಡೂರು · ಸೋಮವಾರ ರಾತ್ರಿ 10:02

ನಮ್ಮ ಕಡೆ ಅದಿರಿನ ಲಾರಿ ಹಿಂದೆ ಓಡಾಡೋ ಗಾಡಿಗಳಲ್ಲಿ ಇದು ದಿನಾ ನೋಡ್ತೀವಿ. ಕೆಂಪು ಹುಡಿ ಫ್ಯಾನ್ ಮೋಟರಿನ ಬುಷ್ ಒಳಗೆ ಹೋಗಿ ಗ್ರೀಸ್ ಜೊತೆ ಕಲಸಿ ಗಾರೆ ಆಗುತ್ತೆ. ಇಂಜಿನ್ ಬಂದ್ ಇದ್ದಾಗ, ಬ್ಯಾಟರಿ ನೆಗೆಟಿವ್ ಬಿಚ್ಚಿಟ್ಟು, ಫ್ಯಾನಿನ ರೆಕ್ಕೆ ಕೈಯಲ್ಲಿ ತಿರುಗಿಸಿ ನೋಡಿ. ಹಗುರವಾಗಿ ಎರಡು ಮೂರು ಸುತ್ತು ಹೋಗಬೇಕು. ನನ್ನ ಗಾಡಿಲಿ ಅದು ರಾಗಿ ಬೀಸೋ ಕಲ್ಲಿನ ಹಾಗೆ ತಿರುಗ್ತಿತ್ತು.

ಗಿಣಿಗೇರಾ ಗಾಡಿ, ಕೊಪ್ಪಳ · ಮಂಗಳವಾರ ಬೆಳಿಗ್ಗೆ 8:15

ಧೂಳಣ್ಣ ಹೇಳಿದ್ದ ಖರೇ. ರೆಕ್ಕಿ ತಿರುಗಿಸಿದ್ರ ಕರ್ ಕರ್ ಅಂತ ಹಿಡಕೊಂಡು ಹಿಡಕೊಂಡು ತಿರಗ್ತೈತಿ. ವಾಯರ್ ಸೇರಿಸಿದಾಗ ಫ್ಯಾನ್ ಗುರ್ ಅಂದು ನಿಧಾನ ಎದ್ದಿತು, ಎರಡು ಸೆಕೆಂಡಿನ್ಯಾಗ ನನ್ನ ಕೈಯಾಗಿನ ವಾಯರ್ ಬೆಚ್ಚಗ ಆತು. ಅಂಜಿ ಬಿಟ್ಟೆ. ಮತ್ತ ರಿಲೇದ 87ರ ಕಾಲು ಕಂದು ಬಣ್ಣ ಆಗೈತಿ. ಅದು ಕುಂದ್ರೂ ತೂತಿನ ಸುತ್ತ ಪ್ಲಾಸ್ಟಿಕ್ ಹಪ್ಪಳ ಕರದಂಗ ಉಬ್ಬೈತಿ.

ನನಗ ಒಂದು ತಿಳೀವಲ್ದು. ಮೋಟರ್ ಇಷ್ಟು ಎಳೀತಿದ್ರ, ಡಬ್ಬಿ ಇಷ್ಟು ಕಾದಿದ್ರ, ಮೊದಲ ಫ್ಯೂಜ್ ಹೋಗಬೇಕಿತ್ತಲ್ರಿ? 30ರ ಹಸರು ಫ್ಯೂಜ್ ಹಂಗ ಐತಲ್ಲ!

ವಾಯರಿಂಗ್ ಮೇಸ್ತ್ರಿ, ಬಳ್ಳಾರಿ · ಮಂಗಳವಾರ ಬೆಳಿಗ್ಗೆ 8:40

ಆ ಫ್ಯೂಜ್ ಆಕಾರ ಹೇಗಿದೆ? ಚಪ್ಪಟೆ, ಎರಡು ಬ್ಲೇಡ್ ಹೊರಗೆ ಕಾಣುತ್ತಾ? ಅಥವಾ ಚೌಕಾಕಾರದ ಪೆಟ್ಟಿಗೆ ಥರ, ಮೇಲೆ ಕಿಟಕಿ ಇರೋದಾ? ಬಣ್ಣ ಬಿಡಿ, ತಲೆ ಮೇಲೆ ಅಚ್ಚು ಹಾಕಿದ ಅಂಕಿ ಓದಿ ಹೇಳಿ.

ಗಿಣಿಗೇರಾ ಗಾಡಿ, ಕೊಪ್ಪಳ · ಮಂಗಳವಾರ ಬೆಳಿಗ್ಗೆ 9:05

ಪೆಟ್ಟಗಿ ಥರಾ ಐತ್ರಿ, ಮ್ಯಾಲ ಕಿಟಕಿ. ಒರಸಿ, ಮೊಬೈಲ್ ಬ್ಯಾಟ್ರಿ ಹಿಡದು ನೋಡಿದೆ.

40 ಅಂತ ಐತಿ!

ವಾಯರಿಂಗ್ ಮೇಸ್ತ್ರಿ, ಬಳ್ಳಾರಿ · ಮಂಗಳವಾರ ಬೆಳಿಗ್ಗೆ 9:21

ಅಲ್ಲೇ ಐತೆ ನೋಡಿ ಕಥೆ. ನೀವು ಓದಿದ್ದು ಸುಳ್ಳಲ್ಲ. ಚಪ್ಪಟೆ ಬ್ಲೇಡ್ ಫ್ಯೂಜಲ್ಲಿ ಕಂದು 7.5, ಕೆಂಪು 10, ನೀಲಿ 15, ಹಳದಿ 20, ಬಣ್ಣವಿಲ್ಲದ ಪಾರದರ್ಶಕ 25, ಹಸಿರು 30. ಆದ್ರೆ ಪೆಟ್ಟಿಗೆ ಫ್ಯೂಜಿನ ಬಣ್ಣದ ಲೆಕ್ಕವೇ ಬೇರೆ. ಅದರಲ್ಲಿ 30 ಅಂದ್ರೆ ಗುಲಾಬಿ, ಹಸಿರು ಅಂದ್ರೆ 40, ಕೆಂಪು 50, ಹಳದಿ 60. ಬ್ಲೇಡಲ್ಲಿ ಕೆಂಪು 10, ಪೆಟ್ಟಿಗೇಲಿ ಕೆಂಪು 50! ಕಲಿಯೋಕೆ ಬಂದ ಹುಡುಗರಿಗೆ ಮೊದಲ ದಿನ ಇದನ್ನೇ ಹೇಳ್ತೀನಿ, ಆದ್ರೂ ವರ್ಷಕ್ಕೊಂದು ಸಲ ತಪ್ಪು ಮಾಡ್ತಾರೆ.

ಹಿಂದೆ ಯಾವಾಗಲಾದರೂ ಫ್ಯಾನ್ ಫ್ಯೂಜ್ ಹೋಗಿತ್ತಾ?

ಗಿಣಿಗೇರಾ ಗಾಡಿ, ಕೊಪ್ಪಳ · ಮಂಗಳವಾರ ಬೆಳಿಗ್ಗೆ 9:50

ಈಗ ನೆನಪಾತ್ರಿ. ಗವಿಮಠದ ಜಾತ್ರಿ ಮುಂದ, ಜನವರ್ಯಾಗ, ಟ್ರಾಫಿಕ್ಕಿನ್ಯಾಗ ಸಿಕ್ಕು ಹಿಂಗ ಹೀಟ್ ಆಗಿತ್ತು. ದಾರ್ಯಾಗ ಒಂದು ಗ್ಯಾರೇಜಿನ ಹುಡುಗ "ಫ್ಯೂಜ್ ಹೋಗೈತ್ರಿ" ಅಂತ ಐದು ನಿಮಿಷದಾಗ ಹೊಸಾದು ಹಾಕಿಕೊಟ್ಟ. ನಾನೂ ಖುಷಿಲೆ ನೂರು ರೂಪಾಯಿ ಕೊಟ್ಟು ಬಂದೆ. ಯಾಕ ಹೋತು ಅಂತ ಅವನೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಶಕ್ತಿನಗರ ನಿವೃತ್ತ, ರಾಯಚೂರು · ಮಂಗಳವಾರ ಬೆಳಿಗ್ಗೆ 11:30

ಆ ಹುಡುಗನನ್ನು ಬೈಯುವುದು ಸುಲಭ. ಅವನ ಡಬ್ಬಿಯಲ್ಲಿ ಗುಲಾಬಿ ಇರಲಿಕ್ಕಿಲ್ಲ, ಹಸಿರು ಇತ್ತು, ಕೂತಿತು. ಎರಡೂ ಒಂದೇ ಅಳತೆಯವು, ಒಂದೇ ತೂತಿನಲ್ಲಿ ಕೂರುತ್ತವೆ. ತಯಾರಕರ ಈ ಏರ್ಪಾಡಿನ ಬಗ್ಗೆ ನನಗೆ ಮೊದಲಿನಿಂದಲೂ ತಕರಾರಿದೆ.

ಫ್ಯೂಸು ಕಾಯುವುದು ಫ್ಯಾನನ್ನಲ್ಲ, ತಂತಿಯನ್ನು. ಆ ತಂತಿ, ಆ ತೂತು, ಆ ರಿಲೇ ಮೂರನ್ನೂ 30ಕ್ಕೆ ಅಂತ ಲೆಕ್ಕ ಹಾಕಿ ಇಟ್ಟಿರುತ್ತಾರೆ. 30ರ ಫ್ಯೂಸು 31ಕ್ಕೆ ಪಟ್ಟನೆ ಹಾರುತ್ತದೆ ಅಂತ ಬಹಳ ಜನ ತಿಳಿದಿದ್ದಾರೆ. ಹಾಗಲ್ಲ. ಸಾಮಾನ್ಯ ಬ್ಲೇಡ್ ಫ್ಯೂಸಿನ ಮೇಲೆ ಶೇ 10ರಷ್ಟು ಹೆಚ್ಚು ಹೊರೆ ಬಿದ್ದರೆ ಅದು ನೂರು ಗಂಟೆಯಾದರೂ ತಾಳಬೇಕು ಅಂತಲೇ ಮಾನಕ ಹೇಳುತ್ತದೆ. ಶೇ 35ರಷ್ಟು ಹೆಚ್ಚಾದರೆ ಹತ್ತು ನಿಮಿಷದೊಳಗೆ ಹೋಗಬೇಕು. ಎರಡು ಪಟ್ಟಾದರೆ ಐದು ಸೆಕೆಂಡಿನೊಳಗೆ. ಪೆಟ್ಟಿಗೆ ಫ್ಯೂಸು ಇನ್ನೂ ಸಹನೆಯದು, ಯಾಕೆಂದರೆ ಮೋಟರು ಹೊರಡುವಾಗ ಕ್ಷಣಕಾಲ ಹಲವು ಪಟ್ಟು ಎಳೆಯುತ್ತದೆ, ಅಷ್ಟಕ್ಕೆಲ್ಲ ಹಾರಿದರೆ ದಿನಕ್ಕೊಂದು ಫ್ಯೂಸು ಬೇಕಾಗುತ್ತದೆ.

ಜನವರಿಯಲ್ಲಿ ನಿಮ್ಮ ಮೋಟರು ಹಿಡಿದುಕೊಂಡಿದೆ, 30ರದು ತನ್ನ ಕೆಲಸ ಮಾಡಿ ಹೋಗಿದೆ. ಆಮೇಲೆ 40 ಬಂತು. ಅದೇ ಮೋಟರು ಮೂವತ್ತೈದು ಎಳೆದರೂ 40ಕ್ಕೆ ಏನೂ ಅನ್ನಿಸುವುದಿಲ್ಲ. ಈಗ ತೂತಿನ ಹಿಡಿತದ ಲೆಕ್ಕ ನೋಡಿ. ಹಿಡಿತ ಸಡಿಲವಾಗಿ ಅಲ್ಲಿ 0.05 ಓಮ್ ರೋಧ ಹುಟ್ಟಿದೆ ಅಂತಿಟ್ಟುಕೊಳ್ಳಿ. 30 ಆಂಪಿಯರ್ ಹರಿದರೆ 30 ಗುಣಿಸು 30 ಗುಣಿಸು 0.05, ಅಂದರೆ 45 ವ್ಯಾಟ್. ರೇಡಿಯೋ ರಿಪೇರಿಯವರ ಬೆಸುಗೆ ಕಡ್ಡಿ 25 ವ್ಯಾಟಿನದು. ಒಂದು ಕಡಲೆಕಾಳಿನಷ್ಟು ಜಾಗದಲ್ಲಿ ಎರಡು ಬೆಸುಗೆ ಕಡ್ಡಿ ಒತ್ತಿಟ್ಟ ಹಾಗೆ. ಹಪ್ಪಳ ಉಬ್ಬದೆ ಇನ್ನೇನು?

ಮಿರ್ಚಿ ಮಂಡಕ್ಕಿ, ಬಳ್ಳಾರಿ · ಮಂಗಳವಾರ ಮಧ್ಯಾಹ್ನ 1:20

ಈ ಲೆಕ್ಕ ನಾಳೆ ಹತ್ತನೇ ಕ್ಲಾಸಿಗೆ ಹೇಳ್ತೀನಿ ಸರ್. ಪುಸ್ತಕದ ಹೀಟರಿಗಿಂತ ಇದು ಹುಡುಗರಿಗೆ ನಾಟುತ್ತೆ.

ನನ್ನದೂ ಒಂದು ಗೋಳಿದೆ. ಕಾರು ನಾಲ್ಕು ದಿನ ನಿಲ್ಲಿಸಿದರೆ ಸೆಲ್ಫ್ ಹೊಡೆಯಲ್ಲ. ಬ್ಯಾಟರಿ ಹೊಸದು, 35 ಆಂಪಿಯರ್ ಅವರ್. ಮಲ್ಟಿಮೀಟರ್ ಶಾಲೆಯದು ಇದೆ.

ವಾಯರಿಂಗ್ ಮೇಸ್ತ್ರಿ, ಬಳ್ಳಾರಿ · ಮಂಗಳವಾರ ಮಧ್ಯಾಹ್ನ 2:45

ಅಕ್ಕಾರೆ, ಗಾಡಿ ಮಲಗಿದಾಗಲೂ ಗಡಿಯಾರ, ಲಾಕು, ಕಂಪ್ಯೂಟರಿನ ನೆನಪು ಅಂತ 50 ಮಿಲಿ ಆಂಪಿಯರ್ ಒಳಗೆ ಎಳೆಯೋದು ಮಾಮೂಲು. ಅದರಲ್ಲಿ ದಿನಕ್ಕೆ 1.2 ಆಂಪಿಯರ್ ಅವರ್ ಹೋಗುತ್ತೆ, ನಿಮ್ಮ ಬ್ಯಾಟರಿ ವಾರಗಟ್ಟಲೆ ನಿಲ್ಲುತ್ತೆ. ನಾಲ್ಕೇ ದಿನಕ್ಕೆ ಮಲಗುತ್ತೆ ಅಂದ್ರೆ 300, 400 ಮಿಲಿ ಎಲ್ಲೋ ಸೋರ್ತಿದೆ.

ಫ್ಯೂಜ್ ಒಂದೊಂದಾಗಿ ಕೀಳಬೇಡಿ, ಕಿತ್ತು ಹಾಕಿದ್ರೆ ಮಲಗಿದ ಕಂಪ್ಯೂಟರ್ ಎದ್ದು ಲೆಕ್ಕ ತಪ್ಪುತ್ತೆ. ಬಾಗಿಲಿನ ಲಾಚ್ ಅನ್ನು ಸ್ಕ್ರೂಡ್ರೈವರಿಂದ ಮುಚ್ಚಿದ ಹಾಗೆ ಮಾಡಿ, ಗಾಡಿ ಲಾಕ್ ಮಾಡಿ, ಅರ್ಧ ಗಂಟೆ ಬಿಡಿ. ಆಮೇಲೆ ಮೀಟರನ್ನ ಮಿಲಿ ವೋಲ್ಟಿಗೆ ಇಟ್ಟು ಪ್ರತಿ ಫ್ಯೂಜಿನ ತಲೆಯ ಎರಡೂ ಚುಕ್ಕೆಗೆ ಮುಟ್ಟಿಸ್ತಾ ಹೋಗಿ. ಕರೆಂಟ್ ಹರಿಯದ ಫ್ಯೂಜಲ್ಲಿ ಸೊನ್ನೆ ಬರುತ್ತೆ. ಯಾವುದರಲ್ಲಿ ಅಂಕಿ ಏಳುತ್ತೋ ಅಲ್ಲಿ ಸೋರಿಕೆ. ಹೊರಗಿಂದ ಹಾಕಿಸಿದ ಸ್ಟೀರಿಯೊ, ಕ್ಯಾಮೆರಾ ಇದ್ರೆ ಮೊದಲು ಅದರ ಮೇಲೇ ನನ್ನ ಅನುಮಾನ.

ಭತ್ತದ ಕಣಜ, ಗಂಗಾವತಿ · ಮಂಗಳವಾರ ಸಂಜಿ 6:10

ಫ್ಯೂಜಿನ ಮಾತು ಬಂದಮ್ಯಾಲ ಇಲಿ ಕಥಿ ಹೇಳಲಿಲ್ಲಂದ್ರ ನಾನು ಗಂಗಾವತ್ಯಾವನ ಅಲ್ಲ. ನೆಲ್ಲು ಕೊಯ್ದಮ್ಯಾಲ ಗದ್ದ್ಯಾಗಿನ ಇಲಿ ಎಲ್ಲಾ ಮನಿಗೆ ಬರ್ತಾವು, ರಾತ್ರಿ ಇಂಜಿನ್ ಬೆಚ್ಚಗಿರ್ತೈತಿ ಅಂತ ಬಾನೆಟ್ ಒಳಗ ಸಂಸಾರ ಹೂಡ್ತಾವು. ಹೋದ ವರ್ಷ ನನ್ನ ಗಾಡ್ಯಾಗ 15ರ ನೀಲಿ ಫ್ಯೂಜ್ ಒಂದು ಎರಡು ದಿನಕ್ಕೊಮ್ಮೆ ಹೋಗ್ತಿತ್ತು. ಅದೂ ಹಂಪ್ ಏರಿಳಿದಾಗ ಮಾತ್ರ. ಹನ್ನೆರಡು ಫ್ಯೂಜ್ ಸುಟ್ಟೆ.

ಸಿರುಗುಪ್ಪದಾಗ ಒಬ್ಬ ಹಿರೇ ಮೇಸ್ತ್ರಿ ಒಂದು ಹಳೇ ಹೆಡ್‌ಲೈಟ್ ಬಲ್ಬು ತಗೊಂಡು ಫ್ಯೂಜಿನ ಜಾಗಕ್ಕ ಅದರ ಎರಡು ವಾಯರ್ ಸಿಗಿಸಿದ. ಶಾರ್ಟ್ ಆದಾಗ ಬಲ್ಬು ಝಗ್ ಅಂತ ಉರೀತೈತಿ, ಫ್ಯೂಜ್ ಸುಡೂ ಮಾತಿಲ್ಲ, ವಾಯರೂ ಕಾಯಂಗಿಲ್ಲ. ಅಮ್ಯಾಲ ವಾಯರ್ ಕಟ್ಟು ಒಂದೊಂದ ಕಡೆ ಹಿಡದು ಅಳ್ಳಾಡಿಸ್ಕೋತ ಹೋದ. ಬ್ಯಾಟ್ರಿ ತಟ್ಟಿ ಕೆಳಗ ಕೈ ಹೋದ ಕೂಡ್ಲೆ ಬಲ್ಬು ಝಗ್ ಅಂತ ಹತ್ತಿತು. ನೋಡಿದ್ರ ಇಲಿ ಅರ್ಧ ಬೊಟ್ಟು ವಾಯರಿನ ಸಿಪ್ಪಿ ಸುಲಿದಿತ್ತು, ತಾಮ್ರ ಬಾಡಿಗೆ ತಾಕ್ತಿತ್ತು.

ವಾಯರಿಂಗ್ ಮೇಸ್ತ್ರಿ, ಬಳ್ಳಾರಿ · ಮಂಗಳವಾರ ಸಂಜೆ 6:40

ಆ ಬಲ್ಬಿನ ಉಪಾಯ ಗೊತ್ತಿರೋ ಮೇಸ್ತ್ರಿ ಸಿಕ್ಕರೆ ಬಿಡಬೇಡಿ. ಏರ್‌ಬ್ಯಾಗ್ ಫ್ಯೂಜ್ ಜಾಗದಲ್ಲಿ ಮಾತ್ರ ಇಂಥದ್ಯಾವುದೂ ಮಾಡಬೇಡಿ, ಅದು ಕಂಪನಿಯವರ ಕೆಲಸ.

ಸಿಂಧನೂರು ಸೆಲ್ಫ್, ಸಿಂಧನೂರು · ಮಂಗಳವಾರ ರಾತ್ರಿ 9:15

ಮೇಸ್ತ್ರಿಗಳ, ಬೆಳ್ಳಿ ಹಾಳಿ ಇವತ್ತ ಕಿತ್ತು ಒಗದೆ. ಬೈಬ್ಯಾಡ್ರಿ, ಇನ್ನೊಂದು ಕೇಳ್ತೀನಿ. ಕಾರಿಗೆ 100/90ರ ಹೆಡ್‌ಲೈಟ್ ಬಲ್ಬು ಹಾಕೀನಿ. ಬೆಳಕು ಮೊದಲಿಗಿಂತ ಹೆಚ್ಚೇನೂ ಇಲ್ಲ, ಡಿಪ್ಪರ್ ಸ್ವಿಚ್ ಮುಟ್ಟಿದ್ರ ಬಿಸಿ!

ವಾಯರಿಂಗ್ ಮೇಸ್ತ್ರಿ, ಬಳ್ಳಾರಿ · ಮಂಗಳವಾರ ರಾತ್ರಿ 9:40

ಬೈಯಲ್ಲ ತಮ್ಮಾ. ಕಂಪನಿ ಬಲ್ಬು 60/55, ಅಂದ್ರೆ ಹೈ ಬೀಮಿಗೆ 60 ವ್ಯಾಟ್, ಲೋ ಬೀಮಿಗೆ 55. ಹೈ ಬೀಮಲ್ಲಿ ಎರಡೂ ಕಡೆ ದೀಪ ಸೇರಿ 120 ವ್ಯಾಟ್, 12 ವೋಲ್ಟಿಗೆ 10 ಆಂಪಿಯರ್. ನಿಂದು 200 ವ್ಯಾಟ್, ಹದಿನಾರೂವರೆ ದಾಟುತ್ತೆ. ನಿನ್ನ ಗಾಡಿಲಿ ಹೆಡ್‌ಲೈಟಿಗೆ ರಿಲೇ ಇಲ್ಲ ಅನಿಸುತ್ತೆ, ಅಷ್ಟೂ ಆ ಸ್ವಿಚ್ಚಿನ ಮೂಲಕವೇ ಹೋಗ್ತಿದೆ. ದಾರೀಲೇ ವೋಲ್ಟೇಜ್ ತಿಂದುಹೋಗಿ ಬಲ್ಬಿಗೆ ಹನ್ನೊಂದೂ ಮುಟ್ಟಲ್ಲ, ಬೆಳಕು ಎಲ್ಲಿಂದ ಬರಬೇಕು? 60/55 ವಾಪಸ್ ಹಾಕು, ಬ್ಯಾಟರಿಯಿಂದ ಫ್ಯೂಜ್ ಸಮೇತ ಎರಡು ರಿಲೇ ಹಾಕಿಸು. ಅದೇ ಬಲ್ಬಲ್ಲಿ ಬೆಳಕು ಹೆಚ್ಚಾಗುತ್ತೆ, ಎದುರು ಬರೋರ ಕಣ್ಣೂ ಉಳಿಯುತ್ತೆ.

ಗಿಣಿಗೇರಾ ಗಾಡಿ, ಕೊಪ್ಪಳ · ಶುಕ್ರವಾರ ಸಂಜಿ 7:30

ಬುಧವಾರ ರಾಯಚೂರಿಗೆ ಬಸ್ಸಿಗೆ ಹೋಗಿ ಬಂದ್ನಿ. ಗುರುವಾರ ಇಲ್ಲೇ ಊರಾಗಿನ ವಾಯರಿಂಗ್‌ನವರ ಹತ್ರ ಒಯ್ದು ಈ ಚರ್ಚಾನ ತೋರಿಸಿದೆ. ಅವರು ಮೊದಲು ನಕ್ಕರು, ಆಮ್ಯಾಲ ಪೂರ್ತಿ ಓದಿದ್ರು. ಫ್ಯಾನಿಗೆ ಬ್ಯಾಟ್ರಿಯಿಂದ ಸೀದಾ ಕೊಟ್ಟು ಕ್ಲ್ಯಾಂಪ್ ಮೀಟರ್, ಅದ ವಾಯರ್ ಸುತ್ತ ಹಿಡದು ಕರೆಂಟ್ ಅಳಿಯೂದು, ಹಾಕಿದ್ರ 34 ಆಂಪಿಯರ್, ಒಮ್ಮೊಮ್ಮೆ 37 ತೋರಿಸ್ತು. ಹೊಸಾ ಮೋಟರ್ ಹಾಕಿದಮ್ಯಾಲ 14! ಉಬ್ಬಿದ ತೂತಿನ ಟರ್ಮಿನಲ್ ಕತ್ತರಿಸಿ, ಆ ರಿಲೇಕ್ಕ ಅಷ್ಟ ಬ್ಯಾರೆ ಹೋಲ್ಡರ್ ಹಾಕಿ, ವಾಯರಿನ ಸುಟ್ಟ ತುದಿ ಎರಡು ಇಂಚು ಕಡದು ಹೊಸಾ ಟರ್ಮಿನಲ್ ಒತ್ತಿಕೊಟ್ರು. ಹಳೇ ರಿಲೇ ಬಿಚ್ಚಿ ತೋರಿಸಿದ್ರು, ಒಳಗಿನ ಸಂಪರ್ಕ ಇದ್ದಲಿ ಆಗಿತ್ತು.

ಗುಲಾಬಿ 30ರದು ಕೊಪ್ಪಳದಾಗ ಮೂರು ಅಂಗಡಿ ತಿರುಗಿದಮ್ಯಾಲ ಸಿಕ್ತು. ಎಲ್ಲಾರೂ ಮೊದಲು ಹಸರನ್ನ ಕೊಡಾಕ ಬಂದ್ರು, "ಸೇಮ್ ರಿ, ಕುಂದ್ರತೈತಿ" ಅಂತ. ಎರಡು ಹೆಚ್ಚಿಗಿ ತಗೊಂಡು ಮುಚ್ಚಳದ ಒಳಗ ಸಿಗಿಸೀನಿ, ಬಾಜೂಕ ಮಾರ್ಕರ್‌ಲೆ "ಫ್ಯಾನ್, ಗುಲಾಬಿ ಮಾತ್ರ" ಅಂತ ಬರದೀನಿ. ಇವತ್ತ ಅದ ರೈಲ್ವೆ ಗೇಟಿಗೆ ಹೋಗಿ, ಬೇಕಂತನ ಎ.ಸಿ. ಹಾಕಿ ಇಪ್ಪತ್ತು ನಿಮಿಷ ನಿಂತಿದ್ದೆ. ಮುಳ್ಳು ಅಳ್ಳಾಡಲಿಲ್ಲ.

ಮಿರ್ಚಿ ಮಂಡಕ್ಕಿ, ಬಳ್ಳಾರಿ · ಶುಕ್ರವಾರ ರಾತ್ರಿ 8:10

ನನ್ನದು ಸ್ಟೀರಿಯೊನೇ. ಕೀ ಹಾಕಿದಾಗ ಮಾತ್ರ ಕರೆಂಟು ಬರಬೇಕಾದ ವಾಯರನ್ನೂ ಕೀ ತೆಗೆದರೂ ಕರೆಂಟು ಇರೋ ಲೈನಿಗೇ ಸೇರಿಸಿಬಿಟ್ಟಿದ್ದರು. ಹುಡುಗರ ಮುಂದೆಯೇ ಅಳೆದೆ, ಶಾಲೆಯ ಮೀಟರಿಗೂ ಒಂದು ಕೆಲಸ ಆಯ್ತು.

ಭತ್ತದ ಕಣಜ, ಗಂಗಾವತಿ · ಶುಕ್ರವಾರ ರಾತ್ರಿ 8:25

ಕೊಪ್ಪಳದಣ್ಣಾ, ಆ ಹಳೇ ಮೋಟರ್ ಎಲ್ಲೈತಿ? ರೆಕ್ಕಿ ಛಲೋ ಇದ್ರ ನನಗ ಕೊಡು, ನೆಲ್ಲು ತೂರಾಕ ಆಗ್ತೈತಿ.

ಗಿಣಿಗೇರಾ ಗಾಡಿ, ಕೊಪ್ಪಳ · ಶುಕ್ರವಾರ ರಾತ್ರಿ 8:31

ಗುಜರಿಗೆ ಹಾಕಿದ್ನೆಪಾ, ತೂಕಕ್ಕ. ರೆಕ್ಕಿ ಮನ್ಯಾಗ ಐತಿ, ಬಂದು ಒಯ್ಯಿ.